ಅರ್ಧ ಉಸಿರು

ತಲೆಗೆ ತೊಡಿಸುವ ಟೋಪಿಯಲ್ಲಿ ಅರವತ್ತನಾಲ್ಕು ತೂತು.
ಒಂದೊಂದಕ್ಕೂ ಜೆಲ್ ತುಂಬುವುದು, ಸಂಜೆಗೆ
ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ, ಮಕ್ಕಳ ಶಾಂಪೂ ಹಾಕಿ
ತಿಕ್ಕಿ ತೊಳೆಯುವುದು. ಹನ್ನೊಂದು ವರ್ಷದಿಂದ ಇದೇ ನನ್ನ ಕೆಲಸ,
ಗ್ರೋನಿಂಗನ್ನಿನ ಈ ಮೂರನೆಯ ಮಹಡಿಯಲ್ಲಿ.
ಕಿಟಕಿಯ ಕೆಳಗೆ ಕಾಲುವೆ,
ಕಾಲುವೆಯಲ್ಲಿ ಯಾರೋ ಬಿಸುಟ ಸೈಕಲ್ಲಿನ ಒಂದು ಹಿಡಿಕೆ.

ಪ್ರೊಫೆಸರ್ ವೀಬೆ ಒಳ್ಳೆಯವರು. ಮೊದಲೇ ಹೇಳಿಬಿಡುತ್ತೇನೆ.
ಹೆಂಡತಿ ಸತ್ತ ವರ್ಷ ಧ್ಯಾನವೇ ಅವರನ್ನು ಕಾಪಾಡಿದ್ದು.
ಮುಳುಗುತ್ತಿದ್ದವ, ತನ್ನನ್ನು ಮೇಲೆತ್ತಿದ ಹಗ್ಗ
ಎಷ್ಟು ಭಾರ ತಡೆದೀತೆಂದು ಅಳೆಯಹೊರಟರೆ
ತಕ್ಕಡಿ ಹಿಡಿದ ಕೈ ನಡುಗದೆ ಇದ್ದೀತೆ?

ನಲವತ್ತೆರಡು ಜನ. ಚೀಟಿ ಎತ್ತಿ ಎರಡು ಗುಂಪು.
ಧ್ಯಾನಕ್ಕೆ ಕೂರುವವರಿಗೆ ಬಾಗಿಲಲ್ಲೇ ಹೆಸರು ಹಿಡಿದು ಸ್ವಾಗತ,
ಶುಂಠಿ ಚಹಾ, ಉಣ್ಣೆಯ ಹೊದಿಕೆ,
"ಈಗ ಹಗುರ ಅನಿಸುತ್ತಿದೆ, ಅಲ್ಲವೇ?"
ಆ 'ಅಲ್ಲವೇ'ಯೊಳಗೇ ಉತ್ತರ ಬೆಚ್ಚಗೆ ಮಲಗಿತ್ತು.
ಉಳಿದವರಿಗೆ ತೋಟಗಾರಿಕೆಯ ರೇಡಿಯೊ ಪಾಠ,
ಯಂತ್ರದ ಕಾಫಿ, ಒಂದು ಕಾಲು ಕುಂಟುವ ಕುರ್ಚಿ.

ಗೇಸ್ಕೆ ಐದನೆಯ ವಾರ ಬರಲಿಲ್ಲ.
ಕಣ್ಣು ಮುಚ್ಚಿದರೆ ಗೋಡೆಗಳು ಹತ್ತಿರ ಬರುತ್ತವೆ ಎಂದು
ಫೋನಿನಲ್ಲಿ ಅತ್ತಳು.
ಹಾಳೆಯಲ್ಲಿ ಹೀಗಿದೆ: 'ಸಮಯದ ಅಭಾವ'.
ಅಕ್ಷರ ನನ್ನದು.

ಇನ್ನು ಚಾರ್ಡ್, ರೇಡಿಯೊ ಗುಂಪಿನವ,
ದೋಣಿ ಬಂದಾಗ ಸೇತುವೆ ಎತ್ತಿ ಇಳಿಸುವವ.
ಟೊಮೇಟೊಗೆ ಯಾವ ಗೊಬ್ಬರ ಎಂದು ಕೇಳಿಸಿಕೊಳ್ಳುತ್ತ
ಹಾಯಿಗಳೆಲ್ಲ ದಾಟಲಿ ಎಂಬಂತೆ ಕೂತಿದ್ದ.
ನಿಮಿಷಕ್ಕೆ ಆರೇ ಉಸಿರು!
"ನಿದ್ದೆ ಹೋಗಿರಬೇಕು, ಅವನನ್ನು ಬಿಟ್ಟುಬಿಡಿ" ಎಂದರು ವೀಬೆ.
ಈಚೆ ಗುಂಪಿನಲ್ಲಿ ಒಬ್ಬ ಗೊರಕೆ ಹೊಡೆದಾಗ
'ಆಳಕ್ಕೆ ಇಳಿದ' ಎಂದು ಬರೆದುಕೊಂಡಿದ್ದೆವು.

ಹೆತ್ತವರಿಗೆ ಹೆಗ್ಗಣ ಮುದ್ದು. ನಗಬೇಡಿ,
ಆ ಹೆಗ್ಗಣಕ್ಕೆ ಕಾಡಿಗೆ ಹಚ್ಚಿದವಳು ನಾನು.
ನಾನೂ ಬೆಳಿಗ್ಗೆ ಐದೂವರೆಗೆ ಕೂರುತ್ತೇನೆ,
ಹೀಟರ್ ಪಕ್ಕ, ಬೆಕ್ಕನ್ನು ಹೊರಗೆ ಹಾಕಿ.

ಉಸಿರು ಎಣಿಸುವುದು ನನ್ನ ಪಾಲು. ಎದೆ ಏರಿದರೆ ಒಂದು ಗೆರೆ.
ಗಂಟೆ ಹೊಡೆಯುವಾಗ ಅರ್ಧ ಏರಿ ನಿಂತ ಎದೆ ಇರುತ್ತದಲ್ಲ,
ಅದು ಒಂದೋ, ಸೊನ್ನೆಯೋ?
ನಿಯಮದಲ್ಲಿ ಹೇಳಿರಲಿಲ್ಲ.
ಹೆಬ್ಬೆರಳಿಗೆ ಗೊತ್ತಿತ್ತು.

ಫೆಬ್ರವರಿಯಲ್ಲಿ ಯೊರಿತ್ ಎಂಬ ಹುಡುಗ ಸೇರಿದ,
ಇನ್ನೂ ಯಾವುದನ್ನೂ ನಂಬದ ವಯಸ್ಸು.
ಪರದೆಯ ಮೇಲರ್ಧಕ್ಕೆ ರಟ್ಟು ಅಂಟಿಸಿ
ಹೆಸರು ಅಳಿಸಿ, ವಿಡಿಯೊಗಳನ್ನು ಕಲೆಸಿ,
"ಮತ್ತೊಮ್ಮೆ ಎಣಿಸಿ" ಎಂದ.
ಮುಖವಿಲ್ಲ. ಬರೀ ಸ್ವೆಟರುಗಳು.
ಮೊಣಕೈ ಸವೆದದ್ದು, ಗುಂಡಿ ಹೋದದ್ದು, ನಾಯಿಕೂದಲು ಅಂಟಿದ್ದು.
ಯಾವುದರೊಳಗೆ ಮೌನ, ಯಾವುದರೊಳಗೆ ಟೊಮೇಟೊ,
ನನಗೆ ತಿಳಿಯಲಿಲ್ಲ.
ತಿಳಿಯದೆ ಎಣಿಸುವುದು ಎಷ್ಟು ಒಂಟಿ ಕೆಲಸ!

ಒಂದು ಉಸಿರಿನಷ್ಟಿದ್ದ ಅಂತರ
ಕಾಲಿಗೆ ಇಳಿಯಿತು.
ಆ ಕಾಲು ನಿಜವಿರಬಹುದು. ಇರಲೂಬಹುದು.
ಚಾರ್ಡ್‌ನನ್ನು ಸೇರಿಸಿದರೆ, ಗೇಸ್ಕೆಯ ಗೋಡೆಗಳನ್ನು ಸೇರಿಸಿದರೆ,
ಅದೂ ಉಳಿಯುತ್ತದೋ ಇಲ್ಲವೋ.

ಹಾಳೆಯನ್ನು ವೀಬೆಯ ಮೇಜಿನ ಮೇಲಿಟ್ಟೆ.
ಎರಡು ಸಲ ಓದಿದರು. ಕನ್ನಡಕ ತೆಗೆದರು.
"ಹಾಗಾದರೆ ಆ ವರ್ಷ ನನ್ನನ್ನು ಉಳಿಸಿದ್ದು ಏನು?"
ಕೇಳಿದ್ದು ನನ್ನನ್ನಲ್ಲ.
ನನ್ನ ಬಳಿ ಉತ್ತರವೂ ಇರಲಿಲ್ಲ.
ಆಮೇಲೆ, ಅಭ್ಯಾಸಬಲ, ಕಣ್ಣು ಮುಚ್ಚಿದರು.

ನನ್ನದೂ ಅಭ್ಯಾಸಬಲ. ಅವರ ಎದೆ ನೋಡಿದೆ,
ಗೋಡೆಯ ಗಡಿಯಾರ ನೋಡಿದೆ.
ನಿಮಿಷಕ್ಕೆ ಹದಿನೆಂಟು,
ಮತ್ತೆ ಒಂದು ಅರ್ಧ.

ಅರ್ಧವನ್ನು ಅರ್ಧವೆಂದೇ ಬರೆದುಕೊಂಡೆ.